ಲಾಲ್‌ಬಾಗಿನ ಹುಲ್ಲಿನ ಮೇಲೆ

ಇಟ್ಟಮಡು, ಬೆಂಗಳೂರು
ಬುಧವಾರ, 21 ನವೆಂಬರ್ 1979

ಪ್ರೀತಿಯ ನಿಮಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಗಡಿಯಲ್ಲಿ ಹಿಮ ಬೀಳಲು ಶುರುವಾಗಿದೆ ಎಂದು ಹೋದ ಸಲ ಬರೆದಿದ್ದಿರಿ. ಅವತ್ತಿನಿಂದ ಅತ್ತೆ ಬಿಸಿಲಲ್ಲಿ ಕೂತು ರಾಗಿ ಕೇರುವಾಗಲೂ “ಅಲ್ಲಿ ನನ್ ಮಗ ನಡುಗ್ತಾ ಇರ್ತಾನೆ” ಎಂದು ಸೆರಗು ಹೊದ್ದುಕೊಳ್ಳುತ್ತಾರೆ. ಮಫ್ಲರ್ ಕಳಿಸಿದ್ದೆವು, ಕೈ ಸೇರಿತೇ? ನಮ್ಮ ಕೆಂದ ಹಸು ಕರು ಹಾಕಿದೆ. ಹೆಣ್ಣುಗರು, ಹಣೆಯಲ್ಲಿ ಬಿಳಿ ಚುಕ್ಕೆ.

ಇನ್ನೊಂದು ಸುದ್ದಿ ಇದೆ, ಹೆದರಬೇಡಿ. ಅತ್ತೆ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಾರೆ. ಪ್ಲಾಸ್ಟರ್ ಹಾಕಿದ್ದಾರೆ, ಸಂಕ್ರಾಂತಿ ಹೊತ್ತಿಗೆ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅವರು ಬಿದ್ದದ್ದು ನನ್ನಿಂದ. ಅದು ಹೇಗೆ ಎಂದು ಬರೆಯಲು ಮೂರು ಸಲ ಕೂತು ಮೂರು ಸಲ ಎದ್ದೆ.

ನೀವು ಹೊರಟ ಮಾರನೆಯ ವಾರ ಅತ್ತೆ ಒಂದು ಹರಕೆ ಹೊತ್ತರು. ನಿಮಗೆ ಬರೆಯಕೂಡದು ಎಂದಿದ್ದರಿಂದ ಇಷ್ಟು ದಿನ ಬರೆದಿರಲಿಲ್ಲ. ನೀವು ಮನೆಗೆ ಬರುವ ತನಕ ಪ್ರತಿ ಶುಕ್ರವಾರ ಮುಸ್ಸಂಜೆ ಸಪ್ಪಲಮ್ಮನ ಗುಡಿಯಲ್ಲಿ ನಾನು ದೀಪ ಹಚ್ಚಬೇಕು. ಹಚ್ಚುವವರೆಗೆ ಅವರು ಹನಿ ನೀರನ್ನೂ ಬಾಯಿಗೆ ಹಾಕುವುದಿಲ್ಲ. ದೇವರ ಮೇಲೆ ನನಗೆ ಅವರಷ್ಟು ನಂಬಿಕೆ ಇದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ಬತ್ತಿಗೆ ಕಡ್ಡಿ ತಾಗಿಸುವಾಗ ಪ್ರತಿ ಸಲವೂ ನಿಮ್ಮ ಮುಖ ನೆನೆಯುತ್ತಿದ್ದೆ.

ಶುಕ್ರವಾರವೆಂದರೆ ನನಗೆ ಬರೀ ಓಟ. ಕೋಳಿ ಕೂಗುವ ಹೊತ್ತಿಗೆ ಎದ್ದು, ಕೊಟ್ಟಿಗೆ ಬಳಿದು, ಹಾಲು ಕರೆದು, ಅಡಿಗೆ ಮುಗಿಸಿ, ತಲೆಗೆ ನೀರು ಹಾಕಿಕೊಂಡು, ಬನಶಂಕರಿಯವರೆಗೆ ನಡೆದು ಬಸ್ಸು ಹಿಡಿದು ಜಯನಗರದ ಕಾಲೇಜು ಸೇರುವಷ್ಟರಲ್ಲಿ ಮೊದಲ ಕ್ಲಾಸು ಶುರುವಾಗಿಬಿಟ್ಟಿರುತ್ತದೆ. ಮಧ್ಯಾಹ್ನ ಬಾಟನಿ ಪ್ರಾಕ್ಟಿಕಲ್. ಅದು ಮುಗಿದದ್ದೇ ದೀಪದ ಹೊತ್ತಿಗೆ ಮನೆಗೆ ಓಡಬೇಕು. “ಮದುವೆ ಆಯ್ತು ಅಂತ ಓದು ಬಿಡ್ಬೇಡ” ಎಂದವರು ನೀವು. ಓದು ಬಿಟ್ಟಿಲ್ಲ, ನಿದ್ದೆ ಬಿಟ್ಟಿದ್ದೇನೆ.

ಹೋದ ಶುಕ್ರವಾರ ಬಾಟನಿ ಮೇಡಂ ಬರಲಿಲ್ಲ, ಪ್ರಾಕ್ಟಿಕಲ್ ಇರಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ನನ್ನದೇ ಅನ್ನುವ ಒಂದು ಮಧ್ಯಾಹ್ನ ಸಿಕ್ಕಿತ್ತು. ಜೊತೆಯಲ್ಲಿ ಓದುವ ಅಲಮೇಲು “ಯಾವಾಗ್ಲೂ ಬಸ್ಸು ಬಸ್ಸು ಅಂತೀಯಲ್ಲೇ ಲಕ್ಷ್ಮೀ, ಲಾಲ್‌ಬಾಗಿಗೆ ಹೋಗೋಣ ಬಾ, ಹೊತ್ತಿಗ್ ಸರಿಯಾಗಿ ಬಿಡ್ತೀನಿ” ಎಂದಳು. ಹೋದೆ. ಹುರಿದ ಕಡಲೆಕಾಯಿ ತಿಂದೆವು, ಮೇಡಂ ನಡೆಯುವ ಹಾಗೆ ನಡೆದು ತೋರಿಸಿ ನಕ್ಕೆವು. ಆಮೇಲೆ ಒಂದು ಮರದ ನೆರಳಿನಲ್ಲಿ ಹುಲ್ಲಿನ ಮೇಲೆ ಒರಗಿದವಳು ನಿದ್ದೆ ಹೋದೆ. ಏಳುವಾಗ ಬೆಳಕು ಮಾಸಿತ್ತು. “ಎರಡ್ ಸಲ ಕರೆದೆ ಕಣೇ. ಎಷ್ಟ್ ಸುಸ್ತಾಗಿದ್ದೆ ಅಂದ್ರೆ, ಅಲುಗಾಡಿಸಿ ಎಬ್ಬಿಸೋಕೆ ಮನಸ್ ಬರ್ಲಿಲ್ಲ” ಎಂದಳು ಅಲಮೇಲು.

ಊರು ಸೇರಿದಾಗ ಕತ್ತಲಾಗಿತ್ತು. ಗುಡಿಯ ಮುಂದೆ ನಾಲ್ಕಾರು ಜನ ನಿಂತಿದ್ದರು. ಬೆಳಗಿನಿಂದ ಉಪವಾಸವಿದ್ದ ಅತ್ತೆ ಮೆಟ್ಟಿಲ ಮೇಲೆ ಕೂತು ಕಾದಿದ್ದಾರೆ. ನಾನು ಬಂದೆನೇ ಎಂದು ನೋಡಲು ಎದ್ದಾಗ ತಲೆ ಸುತ್ತಿ ಬಿದ್ದಿದ್ದಾರೆ. ಪಕ್ಕದ ಮನೆಯ ಕೆಂಪಕ್ಕ ಮೊದಲೇ “ನಾನೇ ಹಚ್ತೀನಿ ಬೈರಕ್ಕ, ಒಂದ್ ಲೋಟ ನೀರು ಕುಡಿ” ಎಂದು ಬೇಡಿಕೊಂಡಿದ್ದರಂತೆ. “ನನ್ ಸೊಸೆ ಬತ್ತಾಳೆ. ಅವಳು ಯಾವತ್ತೂ ತಪ್ಪಿಸಿಲ್ಲ” ಎಂದರಂತೆ ಇವರು.

ಊದಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಮೊದಲು ದೀಪ ಹಚ್ಚು ಎಂದರು. ಹಚ್ಚಿದೆ. ಯಾಕೆ ತಡ ಎಂದು ಕೇಳುವ ಮೊದಲೇ, ಆ ದೀಪದ ಮುಂದೆಯೇ ನಿಂತು, ಪ್ರಾಕ್ಟಿಕಲ್ ತಡವಾಯಿತು ಎಂದುಬಿಟ್ಟೆ. “ಪಾಪ, ಅಷ್ಟೊತ್ತೂ ನಿಂತೇ ಇದ್ದೆಯೇನೋ, ಕಾಲು ನೋಯ್ತದೇನವ್ವಾ?” ಎಂದರು. ಕೆಂಪಕ್ಕನ ಯಜಮಾನರು ಎತ್ತಿನ ಗಾಡಿ ಕಟ್ಟಿದರು. ಹೊಸ ಬಡಾವಣೆಗೆಂದು ದಾರಿಯಲ್ಲಿ ಸುರಿದ ಜಲ್ಲಿಯ ಮೇಲೆ ಚಕ್ರ ಹತ್ತಿ ಇಳಿದಾಗಲೆಲ್ಲ ಅತ್ತೆ ಹಲ್ಲು ಕಚ್ಚುತ್ತಿದ್ದರು. ಡಾಕ್ಟರ ಬಾಗಿಲು ಸಿಗುವವರೆಗೆ ನಾನು ತಲೆ ಎತ್ತಲಿಲ್ಲ.

ಭಾನುವಾರ ಅವರಿಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತಿನ್ನಿಸುತ್ತಿದ್ದೆ. “ಮಗೂ ತರ ಆಗೋದೆ ನೋಡು” ಎಂದು ನಕ್ಕರು. ನನಗೆ ತಡೆಯಲಾಗಲಿಲ್ಲ. ಲಾಲ್‌ಬಾಗು, ನಿದ್ದೆ, ಹೇಳಿದ ಸುಳ್ಳು ಎಲ್ಲವನ್ನೂ ಅಳುತ್ತಾ ಹೇಳಿದೆ. ಅವರು ತುತ್ತು ನುಂಗಿದರು. ಆಮೇಲೆ “ಅವತ್ತೇ ಗೊತ್ತಾಯ್ತು, ನಿನ್ ಜಡೇಲಿ ಹುಲ್ಲಿತ್ತು. ನೀನಾಗೇ ಹೇಳ್ತೀಯ ಅಂತ ಸುಮ್ಕಿದ್ದೆ” ಎಂದರು. ಬೈಯಲಿಲ್ಲ. “ನಿದ್ದೆ ಏನ್ ಕೇಳ್ಕಂಡ್ ಬತ್ತದಾ? ಇನ್ಮೇಲೆ ಶುಕ್ರವಾರ ಕೊಟ್ಟಿಗೆ ಕಡೆ ಬರ್ಬೇಡ, ಹೊತ್ತು ಹುಟ್ಟೋಗಂಟ ಮಲ್ಕೋ. ಹಾಲು ಪಕ್ಕದ್ಮನೆ ಕೆಂಪಿ ಕರೀತಾಳೆ.” ಹರಕೆಯನ್ನಂತೂ ಬಿಡುವುದಿಲ್ಲವಂತೆ. ನಾನು ಹಠ ಹಿಡಿದ ಮೇಲೆ, ಬೆಳಿಗ್ಗೆ ಒಂದು ಲೋಟ ಹಾಲು ಕುಡಿಯಲು ಒಪ್ಪಿದ್ದಾರೆ, ಅದೂ ಸಪ್ಪಲಮ್ಮನಿಗೆ ಒಂದು ಮಾತು ಹೇಳಿ ಬಂದ ಮೇಲೆ. ಅವರು ಎರಡು ಏಟು ಹಾಕಿದ್ದರೂ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮೈ ಬೆಚ್ಚಗಿಟ್ಟುಕೊಳ್ಳಿ, ಹೊತ್ತಿಗೆ ಊಟ ಮಾಡಿ. ಅತ್ತೆ ನಿಮ್ಮ ತಲೆ ಸವರಿದ್ದಾಗಿ ಬರೆಯಲು ಹೇಳಿದ್ದಾರೆ, ಎಡಗೈಯಲ್ಲೇ.

ನಿಮ್ಮವಳು,
ಲಕ್ಷ್ಮಿದೇವಿ

ತಾ.ಕ.: ಬಸ್ಸಿಗೆ ಹೊತ್ತಾಯಿತು, ನಿಂತುಕೊಂಡೇ ಬರೆಯುತ್ತಿದ್ದೇನೆ. ಅತ್ತೆಗೆ ನಾನು ಪೂರ್ತಿ ನಿಜ ಹೇಳಲಿಲ್ಲ. ಅಲಮೇಲು ಕರೆದಾಗ ನನಗೆ ಎಚ್ಚರವಾಗಿತ್ತು. ಹೊತ್ತು ಇಳಿಯುತ್ತಿದೆ ಎಂದು ಗೊತ್ತಾಯಿತು, ಅತ್ತೆ ಹಸಿದು ಕಾಯುತ್ತಿರುತ್ತಾರೆ ಎಂದೂ, ಆ ದೀಪ ಯಾರಿಗಾಗಿ ಎಂದೂ. ಎಲ್ಲ ಗೊತ್ತಿದ್ದೇ ಮತ್ತೆ ಕಣ್ಣು ಮುಚ್ಚಿಕೊಂಡೆ. ಇದನ್ನು ಅವರ ಮುಖ ನೋಡಿ ಹೇಳಲು ನನ್ನಿಂದ ಆಗುತ್ತಿಲ್ಲ. ಇದಕ್ಕೆ ನೀವು ಏನು ಅನ್ನುತ್ತೀರೋ ಅದನ್ನು ಅತ್ತೆಗೆ ಬರೆಯುವ ಕಾಗದದಲ್ಲೇ ಬರೆಯಿರಿ. ಅವರಿಗೆ ಓದಿ ಹೇಳುವವಳು ನಾನೇ ತಾನೆ, ಒಂದು ಅಕ್ಷರವನ್ನೂ ಬಿಡುವುದಿಲ್ಲ.