ಓಟದ ದಿನದ ಹುರುಳಿ

ವಿಲೆ ಪಾರ್ಲೆ, ಮುಂಬಯಿ
೧೨-೧-೧೯೫೬

ಅಕ್ಕನ ಪಾದಗಳಿಗೆ ತಮ್ಮ ಚೆನ್ನಯನ ನಮಸ್ಕಾರಗಳು.

ಮೊನ್ನೆ ಪಾರ್ಲೆಯಿಂದ ಅಂಧೇರಿಯವರೆಗೆ ಲೋಕಲ್ ಗಾಡಿಯ ಪಕ್ಕದಲ್ಲೇ ಓಡಿ ಅದನ್ನು ಹಿಂದೆ ಹಾಕಿದೆ. ಡ್ರೈವರ್ ಟೊಪ್ಪಿ ತೆಗೆದು ಕೈಮುಗಿದ. ಇಂಥವನಿಗೆ ನೀನು, ‘ಓಟದ ಹುಚ್ಚು ಹಿಡಿಸಿ ಕಾಲೇಜು ಓದಲೆಂದು ನಿನ್ನಲ್ಲಿ ಬಿಟ್ಟ ನನ್ನ ಮಗಳನ್ನು ಕೆಡಿಸಿದೆ, ವಿನೋದಿನಿಯನ್ನು ಬರುವ ಹಡಗಿಗೇ ಹತ್ತಿಸು, ಗಂಡಿನ ಕಡೆಯವರು ಕಾಯುತ್ತಿದ್ದಾರೆ’ ಎಂದು ಬರೆಯುತ್ತೀಯಲ್ಲ. ಹತ್ತಿಸುವುದಿಲ್ಲ. ಕಾಯುವವರು ಕಾಯಲಿ.

ನಿನ್ನ ನೆರೆಮನೆಯ ಸದಾನಂದ ಇಲ್ಲಿಂದ ಊರಿಗೆ ಹೋಗಿ ಹೇಳಿದ ಚಾಡಿ ಅರ್ಧ ಸತ್ಯ. ಕಾಲೇಜುಗಳ ಓಟದಲ್ಲಿ ಅವಳು ಹೊಟ್ಟೆ ಹಿಡಿದು ಕುಳಿತದ್ದು ಹೌದು. ಬಿಸಿಲಿನಿಂದ ಹಾಗಾಯಿತೆಂದು ಎಲ್ಲರಿಗೂ ಹೇಳಿದ್ದೇನೆ. ನಿನ್ನ ಹತ್ತಿರ ಅದು ನಡೆಯದು. ಬಿಸಿಲಲ್ಲ, ಹುರುಳಿ.

ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ ಕೊಟ್ಟ ಕೈ ಇದು. ವಿನೋದಿನಿಗೂ ಅದೇ ಕ್ರಮ ಹಿಡಿದೆ: ಸಂಜೆ ಹುರುಳಿ, ಆಮೇಲೆ ಕಾಲಿಗೆ ಎಣ್ಣೆ ತಿಕ್ಕಿ ಬಿಸಿನೀರು. ‘ಮಾವ, ನೊಗ ಸಹ ತರಿಸಿದ್ದೀರಾ?’ ಅಂತ ನಗುತ್ತಿದ್ದಳು. ಆದರೆ ಬಲ ಬಂತು. ಜುಹುವಿನ ಮರಳಲ್ಲಿ ಗಂಡು ಹುಡುಗರೂ ಅವಳ ಹಿಂದೆಯೇ. ಅದನ್ನು ನೋಡಿ ನನಗೆ ಆಸೆ ಹೆಚ್ಚಾಯಿತು. ಓಟದ ದಿನ ಬೆಳಿಗ್ಗೆಯೇ ದೊಡ್ಡ ಬಟ್ಟಲು ತುಂಬ ಹುರುಳಿ, ಮೇಲೆ ತುಪ್ಪ.

‘ಬೇಡ ಮಾವ, ಹೊಟ್ಟೆ ಭಾರ ಆಗ್ತದೆ’ ಅಂದಳು.

‘ಕೋಣ ಎಂದಾದರೂ ಬೇಡ ಅಂದದ್ದುಂಟಾ?’ ಅಂದೆ ನಾನು.

ಮೈದಾನದ ಮೂರು ಸುತ್ತು ಓಡಬೇಕಿತ್ತು. ಎರಡರಲ್ಲಿ ಅವಳೇ ಮುಂದೆ, ಕೊನೆಯದರಲ್ಲಿ ವಾಂತಿ. ಸದಾನಂದ ಅಷ್ಟು ನೋಡಿ ಎದ್ದು ಹೋದ. ಉಳಿದವರೆಲ್ಲ ನಿಂಬೆ ಶರಬತ್ತು ಕುಡಿಯುತ್ತಿರುವಾಗ ಇವಳು ಬಾಯಿ ಒರೆಸಿಕೊಂಡು ಎದ್ದು, ಒಬ್ಬಳೇ ಓಟ ಮುಗಿಸಿದ್ದನ್ನು ಆ ಪುಣ್ಯಾತ್ಮ ಕಾಣಲಿಲ್ಲ. ಕಾಲೇಜಿನ ಆಟದ ಮಾಸ್ತರರು ‘ಬಸ್, ಬೇಟಿ, ಸಾಕು’ ಅಂದರೂ ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನೇರ ನನ್ನ ಮುಂದೆ ಬಂದು ನಿಂತು, ‘ಇನ್ನು ಏನು ತಿನ್ನಬೇಕು, ಯಾವಾಗ ತಿನ್ನಬೇಕು ಅಂತ ನಾನೇ ಹೇಳ್ತೇನೆ. ನೀವು ಬೇಯಿಸಿದರೆ ಸಾಕು’ ಅಂದಳು.

ಹೋಟೆಲಿನಲ್ಲಿ ಭಟ್ಟಿಯ ಮುಂದೆ ನಿಂತು ನೂರು ಜನಕ್ಕೆ ಬೇಯಿಸುವವನು ನಾನು, ಅವತ್ತಿನಿಂದ ಅವಳು ಹೇಳಿದ್ದನ್ನೇ ಬೇಯಿಸುತ್ತಿದ್ದೇನೆ. ಈಗ ರಾತ್ರಿ ಕುಚ್ಚಲಕ್ಕಿ ಗಂಜಿ. ಓಡುವ ದಿನ ಬೆಳಕು ಹರಿಯುವಾಗಲೇ ಎರಡು ಇಡ್ಲಿ, ಒಂದು ಬಾಳೆಹಣ್ಣು. ಹುರುಳಿ ಏನಿದ್ದರೂ ಓಡಿ ಬಂದ ಮೇಲೆ. ಬರುವ ತಿಂಗಳು ಇನ್ನೊಂದು ಓಟವಿದೆ, ಅವಳು ಓಡಿಯೇ ಓಡುತ್ತಾಳೆ. ಗಂಡಿನವರಿಗೆ ಅಷ್ಟು ಅವಸರವಿದ್ದರೆ ಹುಡುಗನನ್ನೇ ಇಲ್ಲಿಗೆ ಕಳುಹಿಸು. ಜುಹುವಿನಲ್ಲಿ ಅವಳನ್ನು ಓಡಿ ಹಿಡಿಯಲಿ, ಆಮೇಲೆ ಮಾತು.

ನಿನ್ನ ಮಾತು ಮೀರಿದ ತಮ್ಮ,
ಚೆನ್ನಯ

ತಾ.ಕ.: ಅವಳೇ ಗೆಲ್ಲುತ್ತಾಳೆಂದು ಹೋಟೆಲಿನವರೊಡನೆ ಬಾಜಿ ಕಟ್ಟಿದ್ದೆ. ಹೋದದ್ದು ಚಾ ಕುಡಿಯುವಷ್ಟು ಚಿಲ್ಲರೆ ಎಂದು ವಿನೋದಿನಿಗೆ ಹೇಳಿದ್ದೇನೆ, ನೀನೂ ಹಾಗೆಯೇ ಹೇಳು. ನಿಜವಾಗಿ ಹೋದದ್ದು ಎಪ್ಪತ್ತೆರಡು ರೂಪಾಯಿ. ಅವಳ ಹಡಗಿನ ಟಿಕೇಟಿಗೆಂದು ನೀನು ಓಟಕ್ಕೆ ಮೊದಲೇ ಕಳುಹಿಸಿದ್ದ ಹಣವೂ ಅದರಲ್ಲೇ ಸೇರಿದೆ.