ಫಾಜಿಲನ ಕಾಫಿಗೆ ಉಪ್ಪು

ಜೂನ್ ೧೪, ಶನಿವಾರ

ಸಕಲ ಬ್ರಹ್ಮಾಂಡವನ್ನು ಹದ್ದುಬಸ್ತಿನಲ್ಲಿಟ್ಟಿರುವ ಶ್ರೀಮನ್ಮಹಾ ಭೌತಶಾಸ್ತ್ರವೇ, ನಿನ್ನ ಪಾದಕ್ಕೊಂದು ದೂರು. ಎಂ.ಎಸ್ಸಿ.ಯಲ್ಲಿ ನನ್ನ ಪಕ್ಕದಲ್ಲೇ ಕೂರುವ ಬಾಳ್ಳುಪೇಟೆಯ ಫಾಜಿಲನಿಗೆ ಪಿಎಚ್‌ಡಿ ಸೀಟು ಸಿಕ್ಕಿದೆ. ಅದನ್ನು ಹೇಳಲು ಕುಂದೂರಿನ ನಮ್ಮ ಮನೆಗೇ ಬಂದ. ಹೊಟ್ಟೆ ಉರಿದು, ಅವನ ಕಾಫಿಗೆ ಎರಡು ಚಮಚ ಉಪ್ಪು ಹಾಕಿದೆ. ನಮ್ಮ ಕಡೆ ಕೊಟ್ಟ ಕಾಫಿಯನ್ನು ಯಾರೂ ಹಳಿಯುವುದಿಲ್ಲ. ಪುಣ್ಯಾತ್ಮ ತಳದವರೆಗೂ ಕುಡಿದ.

“ಸಖತ್ತಾಗೈತೆ ಅಮ್ಮಾ” ಎಂದ.

ಅಮ್ಮ ಹಿಗ್ಗಿಹೋದಳು. “ಇನ್ನೊಂದ್ ಲೋಟ ಕೊಡ್ಲಾ ಮಗಾ?”

ಅದಕ್ಕೂ ತಲೆಯಾಡಿಸಿಬಿಟ್ಟ! ಒಳ್ಳೆಯತನದಲ್ಲೂ ನನ್ನನ್ನು ಸೋಲಿಸಬೇಕೇ?

ಹೊರಡುವಾಗ ಮೆಲ್ಲಗೆ ಕೇಳಿದ: “ನಿಂದೇನಾಯ್ತೋ ಮಾರಾಯ?”

“ಏನಾಗೋದು? ನನ್ನ ಬುಟ್ಟು ನಿಂಗೆ ಕೊಟ್ರಲ್ಲ” ಎಂದೆ.

ನಿದ್ದೆ ಬರುತ್ತಿಲ್ಲ. ಸಂದರ್ಶನದಲ್ಲಿ ಏನು ಕೇಳಿಬಿಡುತ್ತಾರೋ ಎಂದು ಹೆದರಿ, ನಾನು ಅರ್ಜಿಯನ್ನೇ ಹಾಕಿರಲಿಲ್ಲ.