ಅಳಿಸುವ ಕೈ, ಉಳಿಸುವ ಕೈ

ಮಾರ್ಚ್ ೧೪, ಶನಿವಾರ

ಪ್ರೀತಿಯ ಮಗಳೇ,

ಕೋರ್ಟಿನ ಕಾಗದದ ಪ್ರಕಾರ ನೀನು ಈಗ ನಮ್ಮ ಮನೆ ಸೊಸೆ ಅಲ್ಲ. ಹಾಗಾದ್ರೆ ಏನಂತ ಕರೀಲಿ ಅಂತ ಪೆನ್ನು ಹಿಡ್ಕೊಂಡು ಸುಮಾರು ಹೊತ್ತು ಕೂತಿದ್ದೆ. ಕಡೆಗೆ ಮೊದಲಿಂದ ಕರೆದದ್ದನ್ನೇ ಬರೆದೆ. ಯಾರಿಗೆ ತಿದ್ದಬೇಕು ಅನ್ನಿಸುತ್ತೋ ಅವರು ಬಂದು ತಿದ್ದಲಿ.

ನಿನ್ನ ಪತ್ರ ಬಂದು ತಿಂಗಳಾಗ್ತಾ ಬಂತು. ತಡ ಮಾಡಿದ್ದಕ್ಕೆ ಬೈಕೋಬೇಡ. ಎರಡು ಸಲ ಶುರು ಮಾಡಿ ಹರಿದುಹಾಕಿದೆ. ಇಲ್ಲಿ ಎಲ್ಲರೂ ಉಸಿರಾಡ್ಕೊಂಡು, ಹೊತ್ತು ಹೊತ್ತಿಗೆ ಜಗಳ ಆಡ್ಕೊಂಡು ಇದ್ದೀವಿ. ನಿನ್ನ ಮಾವನ ಮೊಣಕಾಲು ನೀನು ಹೇಳಿಕೊಟ್ಟ ವ್ಯಾಯಾಮಕ್ಕೆ ಬಗ್ಗಿದೆ. ಅವರು ಮಾತ್ರ ಯಾವುದಕ್ಕೂ ಬಗ್ಗಿಲ್ಲ. ಹೊಸ ಊರಿನ ಈಜುಕೊಳದಲ್ಲಿ ನೀನು ಕಲಿಸೋ ಮಕ್ಕಳು ನಿನ್ನ ಸೀಟಿ ಕೇಳಿದ್ರೆ ನಡುಗ್ತಾರೆ ಅಂತ ಬರೆದಿದ್ದೆ. ಪಾಪ, ಆ ಮಕ್ಕಳ ಕಷ್ಟ ನನಗೆ ಗೊತ್ತು.

"ಅತ್ತೆ, ಫೋಟೋಗೆ ಕಡೆಗೂ ಯಾವ ಪ್ರೋಗ್ರಾಂ ತಗೊಂಡ್ರಿ?" ಅಂತ ಕೇಳಿದ್ದೀಯ. ನೀನು ಒಂದು ಸಾಲಲ್ಲಿ ಕೇಳಿಬಿಟ್ಟೆ, ಒಂದು ಸಾಲಲ್ಲಿ ಹೇಳೋಕೆ ನನಗೆ ಆಗಲ್ಲ. ಕೂತ್ಕೊಂಡು ಓದು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದಷ್ಟು ಕಾಲ ಜನರ ಮೂಳೆ ಬಿಟ್ಟು ಬೇರೇನೂ ತೆಗೆದವಳಲ್ಲ ನಾನು. ನಿವೃತ್ತಿಯಾದ ಮೇಲೆ ಮುಖ ತೆಗೆಯುವ ಹುಚ್ಚು ಹತ್ತಿತು, ಅದರಲ್ಲೂ ನಿನ್ನ ಮುಖ. ಹಾಗಾಗಿ ಕಂಪ್ಯೂಟರಿನಲ್ಲಿ ಫೋಟೋ ಬೆಟ್ಟದಷ್ಟು ಬಿದ್ದಿದ್ದವು, ಒಂದಕ್ಕೂ ಹೆಸರಿಲ್ಲ. ಬೇಕಾದ್ದನ್ನು ಹುಡುಕೋದು ಅಂದ್ರೆ ಸಂತೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಹುಡುಕಿದ ಹಾಗೆ. ಕ್ಯಾಮೆರಾ ಕ್ಲಬ್ಬಿನಲ್ಲಿ ಸಲಹೆ ಕೇಳಿದೆ. ಕೇಳಬಾರದಿತ್ತು. ಹಲ್ಲಿನ ಡಾಕ್ಟರು, "ತಿಂಗಳ ಬಾಡಿಗೆಯದ್ದು ತಗೊಳ್ಳಿ, ದೊಡ್ಡ ಫೋಟೋಗ್ರಾಫರೆಲ್ಲ ಅದರಲ್ಲೇ ತಿದ್ದೋದು" ಅಂದ್ರು. ಬಾಡಿಗೆ ನಿಲ್ಲಿಸಿದ್ರೆ ಅಂತ ಕೇಳಿದೆ. "ಫೋಟೋ ನೋಡಬಹುದು, ತಿದ್ದೋದಕ್ಕೆ ಬೀಗ ಬೀಳುತ್ತೆ ಅಷ್ಟೆ." ಪಕ್ಕದಲ್ಲಿದ್ದ ನಿನ್ನ ಮಾವ ಬಿಡಬೇಕಲ್ಲ? "ಕಟ್ಟಿಸಿಕೊಂಡ ಹಲ್ಲಿಗೂ ತಿಂಗಳ ಬಾಡಿಗೆ ತಗೋತೀರಾ ಡಾಕ್ಟ್ರೇ?" ಅಂದುಬಿಟ್ರು.

ಕ್ಲಬ್ಬಿನ ಗಡಿಯಾರ ರಿಪೇರಿಯವರು ದುಡ್ಡೇ ಕೊಡಬೇಕಿಲ್ಲದ ಒಂದನ್ನು ಹಾಕಿಕೊಟ್ಟರು. ತೆರೆದು ನೋಡಿದ್ರೆ ಗುಂಡಿ, ಗೆರೆ, ಚಕ್ರ, ವಿಮಾನ ಹಾರಿಸೋಕೆ ಕೂರಿಸಿದ ಹಾಗಾಯ್ತು. ಮೂರನೆಯದು ಒಂದು ಸಲ ಕೊಂಡರೆ ಮುಗೀತು. ಫೋಟೋ ನಮ್ಮದೇ ಡಿಸ್ಕಿನಲ್ಲಿ ಇರುತ್ತೆ, ಎಷ್ಟು ತಿದ್ದಿದ್ರೂ ಮೂಲದ್ದನ್ನು ಮುಟ್ಟಲ್ಲ, ಮುಖ ಗುರುತು ಹಿಡಿದು ಒಬ್ಬೊಬ್ಬರದನ್ನು ಬೇರೆ ಬೇರೆ ಗುಂಪು ಮಾಡುತ್ತೆ. ಮೂರನ್ನೂ ಪರೀಕ್ಷೆಗೆ ಇಟ್ಕೊಂಡು, ಯಾವುದನ್ನೂ ಕೊಳ್ಳದೆ ದಿನ ದೂಡ್ತಿದ್ದೆ. "ನಿನಗೆ ವರ ಹುಡುಕುವಾಗ ನಿಮ್ಮಮ್ಮನೂ ಇಷ್ಟು ಯೋಚಿಸಲಿಲ್ಲ" ಅಂತ ನಿನ್ನ ಮಾವ ಗೊಣಗ್ತಿದ್ರು.

ಫೋಟೋಗಳು ಮಾತ್ರ ನೀನು ಇಂಟರ್‌ನೆಟ್ಟಿನಲ್ಲಿ ಜೋಡಿಸಿಕೊಟ್ಟ ಆ ಹಂಚಿಕೆಯ ಜಾಗದಲ್ಲೇ ಇದ್ದವು. "ಒಬ್ಬರು ಹಾಕಿದ್ದು ಮನೆಯವರಿಗೆಲ್ಲ ಕಾಣುತ್ತೆ ಅತ್ತೆ" ಅಂತ ಹೇಳಿಕೊಟ್ಟಿದ್ದೆಯಲ್ಲ, ಅದೇ. ಒಬ್ಬರು ಅಳಿಸಿದ್ರೆ ಎಲ್ಲರದ್ದೂ ಅಳಿಯುತ್ತೆ ಅನ್ನೋದು ಆಗ ಯಾರ ತಲೆಗೂ ಹೊಳೆದಿರಲಿಲ್ಲ.

ಹೋದ ವಾರ ಒಂದು ಮಧ್ಯಾಹ್ನ. ಊಟ ಆಗಿತ್ತು, ನಿನ್ನ ಮಾವ ಒಳಗೆ ತಮ್ಮ ಹಳೇ ಗೆಳೆಯನ ಜೊತೆ, ನಾನು ಫೋನಿನಲ್ಲಿ ಹಾಕಿಕೊಟ್ಟ ಚದುರಂಗ ಆಡ್ತಿದ್ರು. ನಾನು ಮೂರನೆಯ ಪ್ರೋಗ್ರಾಂ ತೆರೆದು ಮುಖಗಳಿಗೆ ಹೆಸರು ಕೊಡ್ತಾ ಕೂತಿದ್ದೆ. ನಿನ್ನ ಮುಖದ ಗುಂಪು ತೆರೆದೆ. ಮೊದಲ ಸಾಲಿನಲ್ಲಿ ಒಂದು ಫೋಟೋದ ಚೌಕ ಬೂದು ಬಣ್ಣಕ್ಕೆ ತಿರುಗಿತು. ನಾನೇ ಏನೋ ಒತ್ತಿದೆ ಅಂದ್ಕೊಂಡು ಮೌಸಿನಿಂದ ಕೈ ತೆಗೆದೆ. ಕೈ ಮಡಿಲಲ್ಲೇ ಇದೆ, ಪಕ್ಕದ ಚೌಕವೂ ಬೂದಾಯ್ತು. ಆಮೇಲೆ ಅದರ ಪಕ್ಕದ್ದು. ನೀನು ಸೈಕಲ್ ಒರಗಿಸಿಕೊಂಡು ನಿಂತದ್ದು ನಾನು ನೋಡ್ತಾ ಇರುವಾಗಲೇ ಹೋಯ್ತು.

ಗಡಿಯಾರದವರಿಗೆ ಫೋನ್ ಮಾಡಿದೆ. "ವೈರಸ್ಸಾ?" ಅಂದೆ.

"ವೈರಸ್ ಒಬ್ಬರದ್ದೇ ಮುಖ ಆರಿಸಿ ಅಳಿಸಲ್ಲಮ್ಮ. ಆ ಜಾಗದ ಕೀಲಿ ಇನ್ಯಾರ ಹತ್ರ ಇದೆ?"

ನೀನು ಬೇರೆಯಾದ ತಿಂಗಳೇ ನಿನ್ನ ಫೋನಿನಿಂದ ಅದನ್ನು ತೆಗೆದುಹಾಕಿದ್ದೆ. ನಿನ್ನ ಮಾವ ಅಲಾರಂ ಇಡೋಕೂ ನನ್ನನ್ನೇ ಕರೀತಾರೆ. ಉಳಿದದ್ದು ಒಬ್ಬನೇ. "ನನ್ನ ಮಗನ ಹತ್ರ" ಅಂದೆ. ಅವರು, "ಮೊದಲು ಇಂಟರ್‌ನೆಟ್ಟಿನ ತಂತಿ ಕೀಳಿ" ಅಂದ್ರು.

ಮೇಜಿನ ಕೆಳಗೆ ನುಗ್ಗಿ ಕಿತ್ತೆ. "ಅಯ್ಯೋ, ನನ್ನ ರಾಣಿ ಹೋಯ್ತು!" ಅಂತ ಒಳಗಿಂದ ನಿನ್ನ ಮಾವ ಕೂಗಿದ್ರು. ಉತ್ತರ ಕೊಡೋ ಹೊತ್ತೇ? ಗಡಿಯಾರದವರು ಒಂದೊಂದೇ ಕೇಳಿ ನೋಡಿದ್ರೆ, ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಬರೀ ಅಂಚೆಚೀಟಿಯಷ್ಟು ಪುಟ್ಟ ನಕಲುಗಳಂತೆ. ಪೂರ್ತಿ ಫೋಟೋ ಎಲ್ಲ ಆ ಹಂಚಿಕೆಯ ಜಾಗದಲ್ಲೇ, ಎಲ್ಲೋ ದೂರದಲ್ಲಿ. ತಂತಿ ಕಿತ್ತರೆ ನಾನು ಕುರುಡಿಯಾದೆ ಅಷ್ಟೆ, ಅಲ್ಲಿ ಅಳಿಸುವುದು ನಡೀತಲೇ ಇರುತ್ತೆ. "ತಂತಿ ವಾಪಸ್ ಹಾಕಿ. ಅಳಿಸಿದ್ದು ಮೊದಲು ಕಸದ ಬುಟ್ಟಿಗೆ ಬೀಳುತ್ತೆ. ಅದನ್ನೂ ಅವನು ಖಾಲಿ ಮಾಡೋ ಮೊದಲು ಎತ್ಕೊಳ್ಳಿ. ಬೇಗ!"

ಬುಟ್ಟಿ ತೆರೆದೆ. ಅಲ್ಲಿ ಎಲ್ಲ ಕಡೆ ನೀನೇ. ಒಂದೊಂದನ್ನೇ ವಾಪಸ್ ಹಾಕ್ತಾ ಹೋದೆ. ನಾನು ಹಾಕಿದ್ದು ಮತ್ತೆ ಬುಟ್ಟಿಗೆ ಬಂತು. ಮತ್ತೆ ಹಾಕಿದೆ. ಮತ್ತೆ ಬಂತು. ಈಗ ಅವನಿಗೂ ಗೊತ್ತಾಗಿತ್ತು ಈ ಕಡೆ ಇರೋದು ನಾನೇ ಅಂತ. ಹಗ್ಗಜಗ್ಗಾಟ ಅಂದ್ರೆ ಅದು. ಎಲ್ಲೋ ಒಂದು ಕಟ್ಟಡದಲ್ಲಿ ನಿಂತು ಅವನು ಅಳಿಸ್ತಿದ್ದಾನೆ, ಇಲ್ಲಿ ಕೂತು ನಾನು ಉಳಿಸ್ತಿದ್ದೀನಿ. ಒಂದು ಕರೆ ಮಾಡಿ 'ಯಾಕೋ' ಅಂತ ಕೇಳಬಹುದಿತ್ತು. ಅವನೂ ಮಾಡಬಹುದಿತ್ತು. ಇಬ್ಬರ ಕೈಯಲ್ಲೂ ಫೋನಿತ್ತು, ಇಬ್ಬರೂ ಮಾಡಲಿಲ್ಲ. ಅವಸರದಲ್ಲಿ ಎರಡು ಸಲ ತಪ್ಪು ಗುಂಡಿ ಒತ್ತಿದೆ. ಇದ್ದಕ್ಕಿದ್ದಂತೆ ಬುಟ್ಟಿಯೇ ಖಾಲಿಯಾಯ್ತು. ಆ ಹೊತ್ತಿಗೆ ಅದರಲ್ಲಿ ಉಳಿದಿದ್ದಷ್ಟೂ ಹೋಯ್ತು. ಆಮೇಲೆ ಎಲ್ಲ ನಿಂತಿತು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದ ಸದ್ದು. ನನ್ನ ಮಗ ಲಿಫ್ಟ್ ರಿಪೇರಿಯ ನೀಲಿ ಬಟ್ಟೆಯಲ್ಲೇ, ಕೈಗೆ ಮೆತ್ತಿದ ಗ್ರೀಸು ಒರೆಸದೆ ಬಂದುಬಿಟ್ಟಿದ್ದ.

"ಯಾಕಮ್ಮ ವಾಪಸ್ ತರ್ತಿದ್ದೀಯ?"

"ನಾನು ತೆಗೆದ ಫೋಟೋ ಕಣೋ ಅವು. ನನ್ನನ್ನು ಕೇಳದೆ ಅಳಿಸೋಕೆ ನೀನ್ಯಾರು?"

"ನಾನ್ಯಾರಾ? ಅವಳ ಗಂಡ ಆಗಿದ್ದೋನು!"

ನಿನ್ನ ಮಾವ ಚದುರಂಗ ಬಿಟ್ಟು ಬಾಗಿಲಲ್ಲಿ ಬಂದು ನಿಂತ್ರು. ನನಗೆ ಸಿಟ್ಟು ನೆತ್ತಿಗೇರಿತ್ತು. ಹಗೆ ಸಾಧಿಸ್ತೀಯಾ, ಹೋದವಳ ಮುಖದ ಮೇಲೂ ನಿನಗೆ ಹಟಾನಾ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಡೀಲಿಲ್ಲ. ನಾನು ಉಸಿರು ಎಳ್ಕೊಳ್ಳೋಕೆ ನಿಲ್ಲಿಸಿದಾಗ ಕುರ್ಚಿಯಲ್ಲಿ ಕುಸಿದು ಕೂತ.

"ಇವತ್ತು ಬೆಳಿಗ್ಗೆ ಲಿಫ್ಟಿನ ಪೆಟ್ಟಿಗೆ ಮೇಲೆ ನಿಂತಿದ್ದೆ ಅಮ್ಮ, ಲಿಫ್ಟ್ ಓಡಾಡೋ ಆ ಬಾವಿಯಂಥ ಜಾಗದಲ್ಲಿ, ಕತ್ತಲಲ್ಲಿ. ಜೇಬಲ್ಲಿ ಟಿಣ್ ಅಂತು. ಆಫೀಸಿನದು ಅಂತ ತೆಗೆದೆ. 'ಇದೇ ದಿನ, ಕೆಲವು ವರ್ಷಗಳ ಹಿಂದೆ' ಅಂತ ಆ ಹಂಚಿಕೆಯ ಜಾಗದಿಂದ ಅವಳ ಮುಖ, ಜೊತೆಗೆ ಒಂದು ಹಾಡು ಬೇರೆ. ನೋಡ್ತಾ ನಿಂತುಬಿಟ್ಟೆ. ಮೇಲಿನವರು ಪೆಟ್ಟಿಗೆ ಎತ್ತೋಕೆ ಶುರು ಮಾಡಿದ್ದು ಕೇಳಿಸಲೇ ಇಲ್ಲ. ಜೊತೆಗಿದ್ದೋನು ಕಾಲರ್ ಹಿಡಿದು ಎಳೀದೇ ಇದ್ದಿದ್ರೆ..." ಅವನ ಕತ್ತಿನ ಪಕ್ಕ ಚರ್ಮ ತರಚಿ ಕೆಂಪಾಗಿದ್ದದ್ದು ನನಗೆ ಆಗ ಕಾಣಿಸಿತು. ಮುರಿದ ಮೂಳೆ ನೋಡಿ ನೋಡಿ ಹಣ್ಣಾದವಳು ನಾನು. ಆದ್ರೂ ಆ ತರಚು ಗಾಯವನ್ನು ನೇರ ನೋಡೋಕೆ ಆಗದೆ ಮುಖ ತಿರುಗಿಸಿದೆ.

ನಿನ್ನ ಮಾವ ನೀರು ತಂದುಕೊಟ್ರು. ಅವನು ಕುಡೀಲಿಲ್ಲ. ಪರದೆ ಕಡೆ ಕೈ ತೋರಿಸಿದ.

"ಎಲ್ಲದರಲ್ಲೂ ಅವಳು ನಿನ್ನ ಕಡೆ ನೋಡಿ ನಗ್ತಿದ್ದಾಳೆ. ಫೋನ್ ದಿನಾ ನನಗೆ ಅದನ್ನೇ ತೋರಿಸುತ್ತೆ. ನನ್ನ ಕಡೆ ನೋಡಿದ್ದು ಒಂದು, ಒಂದೇ ಒಂದು ಇದ್ರೆ ಹುಡುಕಿಕೊಡು. ಆಮೇಲೆ ನಾನು ಒಂದನ್ನೂ ಮುಟ್ಟಲ್ಲ."

ನಿಮ್ಮಿಬ್ಬರ ಮುಖವೂ ಇರುವ ಫೋಟೋಗಳನ್ನು ಆರಿಸಿ ಕೊಡು ಅಂತ ಆ ಮೂರನೆಯ ಪ್ರೋಗ್ರಾಮಿಗೆ ಹೇಳಿದೆ. ಬಂದದ್ದು ಕಡಿಮೆ. ಅದರಲ್ಲೂ ಅವನು ಚೀಲ ಹೊತ್ತವನು, ಅಂಚಿನಲ್ಲಿ ಅರ್ಧ ಕತ್ತರಿಸಿ ಹೋದವನು. ಒಂದೊಂದು ತೆರೆದಾಗಲೂ ಅವನ ಮುಖ ನೋಡೋಕೆ ನನಗೆ ಧೈರ್ಯ ಸಾಲಲಿಲ್ಲ. ಕಡೆಕಡೆಗೆ ಒಂದು ಸಿಕ್ಕಿತು. ಈಜುಕೊಳದ ಮೆಟ್ಟಿಲ ಮೇಲೆ ಕೂತಿದ್ದೀರಿ. ಅವನು ತಲೆ ತಗ್ಗಿಸಿ ನಿನ್ನ ಸೀಟಿಯ ದಾರದ ಗಂಟು ಬಿಡಿಸ್ತಿದ್ದಾನೆ. ನೀನು ಅವನ ನೆತ್ತಿ ನೋಡ್ತಿದ್ದೀಯ. ನಗು ಇಲ್ಲ. ಆದ್ರೆ ಮಗಳೇ, ನನ್ನ ಕ್ಯಾಮೆರಾ ಕಡೆ ನೀನು ಯಾವತ್ತೂ ಹಾಗೆ ನೋಡಿದವಳಲ್ಲ.

ಅವನು ಎದ್ದು ಬಂದು ಪರದೆ ಹತ್ತಿರ ಬಗ್ಗಿದ.

"ಇದು ನನಗೆ ಆಗ ಗೊತ್ತಾಗಲಿಲ್ಲ" ಅಂದ. ಆಮೇಲೆ, "ಈಗ ಗೊತ್ತಾಗಿ ಏನು ಮಾಡ್ಲಿ?"

ಅವನು ಮುಖ ತೊಳೆದುಕೊಂಡು ಕೆಲಸಕ್ಕೆ ವಾಪಸ್ ಹೋದ. ಫೋನನ್ನು ಮೇಜಿನ ಮೇಲೇ ಬಿಟ್ಟು ಹೋದ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಮೂರನೆಯದನ್ನೇ ಕೊಂಡೆ. ಅದರ ಬಣ್ಣ ತಿದ್ದೋ ಚಮತ್ಕಾರ ಬಾಡಿಗೆಯದ್ದರಷ್ಟಿಲ್ಲ, ನೆರಳು ಎತ್ತಿದ್ರೆ ಮುಖ ಸ್ವಲ್ಪ ಬಿಳಿಚಿಕೊಳ್ಳುತ್ತೆ. ಆದ್ರೆ ಬಾಯಿಮುಚ್ಚಿಕೊಂಡು ಇರುತ್ತೆ. ಕೇಳಿದ್ರೆ ತೋರಿಸುತ್ತೆ, ಕೇಳದಿದ್ರೆ ಯಾರ ಜೇಬಿಗೂ ಹೋಗಿ ಟಿಣ್ ಅನ್ನಲ್ಲ. ನಮ್ಮ ಮನೆಗೆ ಬೇಕಾಗಿದ್ದದ್ದು ಅದೊಂದೇ ಗುಣ ಅಂತ ಕ್ಲಬ್ಬಿನಲ್ಲಿ ಯಾರಿಗೆ ಹೇಗೆ ವಿವರಿಸಲಿ? ಭಾನುವಾರ ನಾನೂ ಅವನೂ ಕೂತು ಉಳಿದದ್ದನ್ನೆಲ್ಲ ಡಿಸ್ಕಿಗೆ ಇಳಿಸಿಕೊಂಡ್ವಿ. ಕೂತ್ವಿ ಅಂದ್ರೆ ನಾನು ಕೂತೆ, ಅವನು ಕಿಟಕಿ ಹತ್ರ ಬೆನ್ನು ಮಾಡಿ ನಿಂತಿದ್ದ. ಎಲ್ಲ ಇಳಿದ ಮೇಲೆ ಆ ಹಂಚಿಕೆಯ ಜಾಗವನ್ನೇ ಮುಚ್ಚಿದೆ. "ಆಯ್ತಾ?" ಅಂದ. "ಆಯ್ತು" ಅಂದೆ. ತಿರುಗಿ ನೋಡಿದಾಗ ಅವನ ಭುಜ ಇಳಿದಿತ್ತು.

ಬುಟ್ಟಿಯಿಂದ ಹೋದದ್ದರಲ್ಲಿ ಕೊಳದ ನೀರಿನ ಮೇಲೆ ಬೆಳಗಿನ ಹಬೆ ಏಳುವಾಗ ನೀನು ಟೋಪಿ ಕೈಯಲ್ಲಿ ಹಿಡಿದು ನಿಂತದ್ದೂ ಸೇರಿದೆ. ಸದ್ಯ, ಅದರ ದೊಡ್ಡ ಪ್ರಿಂಟ್ ಒಂದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಗೋಡೆ ಮೇಲಿದೆ. ನೋಡಬೇಕು ಅನ್ನಿಸಿದಾಗ ನಾನು ಹಲ್ಲುನೋವು ಬರಿಸಿಕೊಳ್ಳಬೇಕು.

ನಿನ್ನ ಫೋಟೋಗಳನ್ನೆಲ್ಲ ಇನ್ನೊಂದು ಡಿಸ್ಕಿಗೆ ತುಂಬಿ ಈ ಪತ್ರದ ಜೊತೆ ಕಳಿಸ್ತಿದ್ದೀನಿ. ಆ ಮೆಟ್ಟಿಲಿನದೂ ಇದೆ. ಕಳಿಸಲೋ ಬೇಡವೋ ಅಂತ ಅವನನ್ನೇ ಕೇಳಿದೆ. "ಅವಳ ಮುಖ ಅವಳದು. ಕಳಿಸು" ಅಂದ.

ಚೆನ್ನಾಗಿ ಊಟ ಮಾಡು. ಒದ್ದೆ ಕೂದಲಲ್ಲಿ ಗಾಳಿಗೆ ಹೋಗಬೇಡ. ನಿನ್ನ ನಂಬಿ ನೀರಿಗಿಳಿದ ಮಕ್ಕಳೆಲ್ಲ ನಗ್ತಾ ದಡ ಹತ್ತಲಿ, ಅವರ ಹಿಂದೆ ನೀನೂ. ನಿನಗೆ ಎಲ್ಲ ಒಳ್ಳೆಯದಾಗಲಿ ಅಂತ ನಾನೂ ನಿನ್ನ ಮಾವನೂ ಮನಸಾರೆ ಹರಸ್ತೀವಿ.

ನಿನ್ನ
ಅತ್ತೆ

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿ ಇದನ್ನು ಬರೀತಿದ್ದೀನಿ; ಮೇಲೆ ಬರೆಯೋಕೆ ಆಗಲಿಲ್ಲ. 'ಕಳಿಸು' ಅಂದ ಮೇಲೆ, ಕೆಲಸಕ್ಕೆ ಹೊರಡೋ ಮುಂಚೆ ಅವನು ನನ್ನ ಹತ್ರ ಇನ್ನೊಂದು ಮಾತು ಕೇಳಿದ. "ಅವಳ ಪತ್ರ ಬಂದ ದಿನ ನಿನ್ನ ಮುಖ ಬೆಳಗುತ್ತಲ್ಲಮ್ಮ, ಅದನ್ನು ನೋಡ್ಕೊಂಡು ಈ ಮನೇಲಿ ಇರೋಕೆ ನನ್ನ ಕೈಲಿ ಆಗ್ತಿಲ್ಲ" ಅಂದ. ಜಗಳ ಆಡ್ಲಿಲ್ಲ, ಪತ್ರ ನಿಲ್ಲಿಸು ಅಂತ ಬೇಡ್ಕೊಂಡ. ಹೆತ್ತವಳು ನಾನು, ಒಪ್ಪಿಕೊಂಡೆ. ಇದೇ ನನ್ನ ಕಡೆಯ ಪತ್ರ ಮಗಳೇ. ಉತ್ತರ ಬರೀಬೇಡ. ಡಿಸ್ಕು ತಲುಪಿತು ಅಂತಲೂ ಬರೀಬೇಡ. ತಲುಪಿದೆ ಅಂದ್ಕೊಂಡಿರ್ತೀನಿ.